ಗುಂಡು ಹಾರಿಸುವ ಮುಂಚೆ ಆ ತಾಯಿಗೆ ಹೇಳಿ

ಓದುಗರ ಪ್ರಶ್ನೆ, ಸುಬೇದಾರರ ಉತ್ತರ

ಹೋದ ಸಂಚಿಕೆಯಲ್ಲಿ ಸೈನಿಕರ ಅಂತ್ಯಕ್ರಿಯೆಯ ಬಗ್ಗೆ ಎರಡೇ ಎರಡು ಸಾಲು ಬರೆದಿದ್ದೆ. ಪಿಂಚಣಿ ಬಗ್ಗೆ ಬರೆದಾಗಲೂ ಇಷ್ಟು ಪತ್ರ ಬಂದಿರಲಿಲ್ಲ. ಹಾಗಾಗಿ ಈ ಸಲ ಪಿಂಚಣಿ, ಕ್ಯಾಂಟೀನ್ ಕಾರ್ಡು ಎಲ್ಲ ಪಕ್ಕಕ್ಕಿಟ್ಟಿದ್ದೇನೆ. ಸೇವೆಯ ಕೊನೆಯ ವರ್ಷಗಳಲ್ಲಿ ನನ್ನದು ಡ್ರಿಲ್ ಕಲಿಸುವ ಕೆಲಸ. ಫೈರಿಂಗ್ ಪಾರ್ಟಿ, ಅಂದರೆ ಗುಂಡು ಹಾರಿಸಿ ಗೌರವ ಸಲ್ಲಿಸುವ ತಂಡ, ಕರೆದುಕೊಂಡು ರಾಜ್ಯದ ಎಷ್ಟೋ ಹಳ್ಳಿಗಳಿಗೆ ಹೋಗಿದ್ದೇನೆ. ಕಂಡಿದ್ದನ್ನು, ಕಲಿತಿದ್ದನ್ನು ಹೇಳುತ್ತೇನೆ.

ಪ್ರಶ್ನೆ: ಪಕ್ಕದ ಊರಿನ ಯೋಧರೊಬ್ಬರ ಅಂತ್ಯಕ್ರಿಯೆಗೆ ಹೋಗಿದ್ದೆ. ಏಳು ಜನ ಸೈನಿಕರು ಮೂರು ಸಲ ಗುಂಡು ಹಾರಿಸಿದರು. ಮಾರನೇ ದಿನ ಎಲ್ಲರೂ "21 ಕುಶಾಲತೋಪಿನ ಗೌರವ" ಅಂದರು. ಏಳು ಮೂರಲ ಇಪ್ಪತ್ತೊಂದು ಸರಿ ತಾನೇ? (ಶಿಕ್ಷಕರು, ಹಾವೇರಿ ಜಿಲ್ಲೆ)

ಮಗ್ಗಿ ಸರಿ ಇದೆ ಮೇಷ್ಟ್ರೇ. ಆದರೆ ಗೌರವ ಬೇರೆ ಬೇರೆ. 21 ತೋಪು ಅಂದರೆ ಫಿರಂಗಿಯಿಂದ ಒಂದಾದ ಮೇಲೊಂದು ಹಾರಿಸುವುದು. ನೀವು ನೋಡಿದ್ದು ರೈಫಲ್. ಅದರಲ್ಲಿ ಎಲ್ಲರೂ ಒಟ್ಟಿಗೆ ಹಾರಿಸುತ್ತಾರೆ. ಹಾಗೆ ಮೂರು ಸಲ. ಸಾಲಿನಲ್ಲಿ ಏಳು ಜನ ಇರಲಿ, ಹತ್ತು ಜನ ಇರಲಿ, ಲೆಕ್ಕಕ್ಕೆ ಬರುವುದು ಮೂರೇ. ಎರಡರ ಹುಟ್ಟೂ ಬೇರೆ.

ಫಿರಂಗಿಯದು ಹಡಗಿನವರ ಕಾಲದ ರೂಢಿ. ಆಗಿನ ತೋಪಿಗೆ ಮತ್ತೆ ಮದ್ದು ತುಂಬಲು ಬಹಳ ಹೊತ್ತು ಬೇಕಿತ್ತು. ಬಂದರಿಗೆ ಬರುವ ಹಡಗು ತನ್ನ ತೋಪುಗಳನ್ನೆಲ್ಲ ಹಾರಿಸಿ ಖಾಲಿ ಮಾಡಿದರೆ "ನಾವು ಜಗಳಕ್ಕೆ ಬಂದಿಲ್ಲ" ಅಂತ ತೋರಿಸಿದ ಹಾಗೆ. ಮುಂದೆ ಅದೇ ಮರ್ಯಾದೆಯಾಯಿತು. ಮರ್ಯಾದೆಗೆ ದರ್ಜೆಯೂ ಬಂತು. ಬ್ರಿಟಿಷರ ಕಾಲದಲ್ಲಿ ಚಕ್ರವರ್ತಿಗೆ 101, ವೈಸರಾಯ್‌ಗೆ 31. ರಾಜರುಗಳಿಗೆ 21ರಿಂದ ಇಳಿದು 9ರವರೆಗೆ. ಪೂರ್ತಿ 21 ಸಿಗುತ್ತಿದ್ದದ್ದು ಐದೇ ಸಂಸ್ಥಾನಗಳಿಗೆ: ಹೈದರಾಬಾದ್, ಮೈಸೂರು, ಬರೋಡಾ, ಗ್ವಾಲಿಯರ್, ಜಮ್ಮು ಮತ್ತು ಕಾಶ್ಮೀರ. ಈಗ ನಮ್ಮಲ್ಲಿ 21 ರಾಷ್ಟ್ರಪತಿಯವರ ಗೌರವ. ರಕ್ಷಣಾ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಬಿಪಿನ್ ರಾವತ್ ಅವರು 2021ರ ಡಿಸೆಂಬರ್ 8ರಂದು ಕೂನೂರಿನ ಹತ್ತಿರ ಹೆಲಿಕಾಪ್ಟರ್ ಬಿದ್ದು ತೀರಿಕೊಂಡರಲ್ಲ, ಅವರಿಗೆ ದೆಹಲಿಯ ಬ್ರಾರ್ ಸ್ಕ್ವೇರ್‌ನಲ್ಲಿ ಹಾರಿಸಿದ್ದು 17 ತೋಪು. ಅವರಿಗೇ 17 ಆದಾಗ ನಮ್ಮ ಹಳ್ಳಿಯ ಜವಾನನಿಗೆ 21 ಅನ್ನುವುದು ತಪ್ಪು ಮಾಹಿತಿ.

ರೈಫಲ್‌ನ ಮೂರು ಸುತ್ತು ಯುದ್ಧಭೂಮಿಯಿಂದ ಬಂದಿದ್ದು. ಹಿಂದೆ ಯುರೋಪಿನಲ್ಲಿ ಎರಡೂ ಕಡೆಯವರು ಹೊಡೆದಾಟ ನಿಲ್ಲಿಸಿ, ಸತ್ತವರನ್ನು ಎತ್ತಿ ಮಣ್ಣು ಮಾಡುತ್ತಿದ್ದರು. ಆ ಕೆಲಸ ಮುಗಿಯಿತು ಅಂತ ತಿಳಿಸಲು ಮೂರು ಸಲ ಗುಂಡು ಹಾರಿಸುತ್ತಿದ್ದರಂತೆ. ಇದು ಸಿಪಾಯಿಯ ಗೌರವ, ರಾಜರದ್ದಲ್ಲ. ನನಗೆ 21ಕ್ಕಿಂತ ಈ ಮೂರೇ ದೊಡ್ಡದು. ಸುಮ್ನೆ ಹೇಳುತ್ತಿಲ್ಲ, ಮನಸ್ಸಿನಿಂದ ಹೇಳುತ್ತಿದ್ದೇನೆ. ಹುಡುಗರಿಗೂ ಹಾಗೇ ಹೇಳಿಕೊಡಿ.

ಪ್ರಶ್ನೆ: ದಸರಾದಲ್ಲಿ ಅರಮನೆ ಹತ್ತಿರ ಹಾರಿಸುವ ತೋಪು ನಿಜವಾದದ್ದಾ? ಆನೆಗಳಿಗೆ ಹೆದರಿಕೆ ಆಗಲ್ವಾ? (8ನೇ ತರಗತಿ ವಿದ್ಯಾರ್ಥಿನಿ, ಮೈಸೂರು)

ನಿಜವಾದದ್ದೇ ಪುಟ್ಟಿ. ಏಳು ಫಿರಂಗಿ, ಮೂರು ಸುತ್ತು, ಒಟ್ಟು 21. ಇಲ್ಲಿ ಹಾವೇರಿ ಮೇಷ್ಟ್ರ ಮಗ್ಗಿ ಸರಿಯಾಗಿ ಕೂರುತ್ತದೆ! ವಿಜಯದಶಮಿಯ ದಿನ ಅಂಬಾರಿಯಲ್ಲಿರುವ ತಾಯಿ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಮಾಡುವಾಗ ಪೊಲೀಸ್ ಬ್ಯಾಂಡ್ ರಾಷ್ಟ್ರಗೀತೆ ನುಡಿಸುತ್ತದೆ. ಅದು ಮುಗಿಯುವುದರೊಳಗೆ 21 ಹಾರಬೇಕು. ರಾಷ್ಟ್ರಗೀತೆ ಬರೀ 52 ಸೆಕೆಂಡು.

ಇದು ಎಷ್ಟು ಕಷ್ಟ ಅಂತ ಯೋಚಿಸು. ಇವು ಬಾಯಿಂದ ಮದ್ದು ತುಂಬುವ ಹಳೇ ತೋಪುಗಳು. ಒಂದು ಸಲ ಸಿಡಿದ ಮೇಲೆ ನಳಿಕೆಯ ಒಳಗೆ ಕಿಡಿ ಉಳಿದಿರಬಹುದು. ಅದರ ಮೇಲೆ ಹೊಸ ಮದ್ದು ಹಾಕಿದರೆ ತುಂಬುವವನ ಕೈಯಲ್ಲೇ ಹೊತ್ತಿಕೊಳ್ಳುತ್ತದೆ. ಅದಕ್ಕೇ ಒದ್ದೆ ಬಟ್ಟೆ ಸುತ್ತಿದ ಉದ್ದ ಕೋಲು ಹಾಕಿ ಒಳಗೆ ಉಜ್ಜುತ್ತಾರೆ. ಆಮೇಲೆ ಒಣಗಿಸಿ, ಮದ್ದು ತುಂಬಿ, ಬೆಂಕಿ ಕೊಡುತ್ತಾರೆ. ಒಬ್ಬ ಒಂದು ಹೆಜ್ಜೆ ತಪ್ಪಿದರೆ ಇಡೀ ತಂಡಕ್ಕೇ ಅಪಾಯ. ಇದನ್ನು ಮಾಡುವವರು ನಗರ ಸಶಸ್ತ್ರ ಮೀಸಲು ಪಡೆಯ ಪೊಲೀಸರು. ಮೊದಲು ಮದ್ದಿಲ್ಲದೆ ಒಣ ತಾಲೀಮು ಮಾಡುತ್ತಾರೆ, ಆಮೇಲೆ ಮದ್ದು ಹಾಕಿ. ದಸರಾ ಮುಗಿದ ಮೇಲೆ ಎಲ್ಲರೂ ಆನೆಯನ್ನೇ ಹೊಗಳುತ್ತಾರೆ. ಇವರನ್ನೂ ಸ್ವಲ್ಪ ನೆನೆಸಿಕೊಳ್ಳಬೇಕು.

ಆನೆಗಳಿಗೆ ಹೆದರಿಕೆ ಆಗೇ ಆಗುತ್ತದೆ. ಅದಕ್ಕೇ ಆನೆ, ಕುದುರೆಗಳನ್ನು ಮುಂಚೆಯೇ ಕರೆತಂದು ನಿಲ್ಲಿಸಿ ಸದ್ದು ಅಭ್ಯಾಸ ಮಾಡಿಸುತ್ತಾರೆ. ಹೊಸ ಆನೆ ಬೆಚ್ಚಿದರೆ ಅನುಭವಿ ಆನೆಯ ಪಕ್ಕ ನಿಲ್ಲಿಸುತ್ತಾರೆ.

ಹಳೇ ತೋಪಿನ ಮಾತು ಬಂತಲ್ಲ, ದೆಹಲಿಯ ಗಣರಾಜ್ಯೋತ್ಸವದ 21 ತೋಪಿಗೂ ಬ್ರಿಟಿಷರ ಕಾಲದ 25 ಪೌಂಡರ್ ತೋಪು ಬಳಸುತ್ತಿದ್ದರು. 2023ರಿಂದ ನಮ್ಮಲ್ಲೇ ತಯಾರಾದ 105 ಮಿಲಿಮೀಟರ್ ಫೀಲ್ಡ್ ಗನ್ ಬಂದಿದೆ.

ಪ್ರಶ್ನೆ: ಅಂತ್ಯಕ್ರಿಯೆಯಲ್ಲಿ ಆಕಾಶಕ್ಕೆ ಹಾರಿಸಿದ ಗುಂಡು ಎಲ್ಲಿ ಬೀಳುತ್ತೆ? ಯಾರಿಗಾದರೂ ತಾಗಿದರೆ? (ಗದಗ)

ಬೀಳಲು ಗುಂಡೇ ಇರುವುದಿಲ್ಲ. ಅದನ್ನು ಬ್ಲಾಂಕ್ ಅನ್ನುತ್ತೇವೆ. ಹಿತ್ತಾಳೆ ಕೋಶದೊಳಗೆ ಮದ್ದು ಇರುತ್ತದೆ, ತುದಿಯಲ್ಲಿ ಗುಂಡಿನ ಬದಲು ಕೋಶದ ಬಾಯನ್ನೇ ಮಡಚಿ ಮುಚ್ಚಿರುತ್ತಾರೆ. ಆದರೂ ನಳಿಕೆಯ ಮುಂದೆ ಯಾರೂ ನಿಲ್ಲಬಾರದು. ಹತ್ತಿರದಲ್ಲಿದ್ದರೆ ಬಿಸಿ ಗಾಳಿ, ಮದ್ದಿನ ಕಣ ಬಡಿದು ಗಾಯ ಆಗುತ್ತದೆ. ಅದಕ್ಕೇ ರೈಫಲನ್ನು ಓರೆಯಾಗಿ ಮೇಲಕ್ಕೆ ಹಿಡಿಯುತ್ತೇವೆ, ಜನರನ್ನು ದೂರ ಇಡುತ್ತೇವೆ. ವಿಡಿಯೊಗೆ ಒಳ್ಳೆ ಕೋನ ಸಿಗಲಿ ಅಂತ ಸಾಲಿನ ಮುಂದೆ ಬಂದು ಕೂರುವವರಿಗೆ ಇದನ್ನು ಕೈಮುಗಿದು ಹೇಳುತ್ತೇನೆ.

ಇನ್ನೊಂದು ವಿಷಯ. ಗುಂಡು ಇಲ್ಲದ್ದರಿಂದ ನಳಿಕೆಯಲ್ಲಿ ಒತ್ತಡ ಸಾಲುವುದಿಲ್ಲ. ಹಾಗಾಗಿ ಈಗಿನ ರೈಫಲ್ ತಾನಾಗಿ ಮುಂದಿನ ಸುತ್ತು ಏರಿಸಿಕೊಳ್ಳುವುದಿಲ್ಲ. ಪ್ರತಿ ಸಲವೂ ಕೈಯಿಂದ ಎಳೆದು ಕಾಕ್ ಮಾಡಬೇಕು. ಗಮನಿಸಿ ನೋಡಿ, ಎರಡು ಸುತ್ತಿನ ನಡುವೆ ಎಲ್ಲರ ಕೈ ಒಟ್ಟಿಗೆ ಹಿಂದಕ್ಕೆ ಹೋಗುತ್ತದೆ. ಆ ಒಂದು ಎಳೆತ ಕಲಿಸಲು ನಾನು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಿದ್ದೆ. ಮೂರೂ ಸಲ ಒಂದೇ ಸದ್ದು ಕೇಳಬೇಕು. ಜೋಳ ಹುರಿದ ಹಾಗೆ ಪಟಪಟ ಅನ್ನಬಾರದು. 2019ರ ಆಗಸ್ಟ್‌ನಲ್ಲಿ ಬಿಹಾರದ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಅವರ ಅಂತ್ಯಕ್ರಿಯೆಯಲ್ಲಿ ಪೊಲೀಸರ ರೈಫಲ್‌ಗಳು ಸಿಡಿಯಲೇ ಇಲ್ಲ. ಸುದ್ದಿ ನೋಡಿ ಆ ದಿನ ನನಗೆ ಊಟ ಸೇರಲಿಲ್ಲ. ಅದು ಸಣ್ಣ ವಿಷಯ ಅಲ್ಲ. ಆ ಮನೆಯವರಿಗೆ ಆ ಕ್ಷಣ ಮತ್ತೆ ಸಿಗುವುದಿಲ್ಲ.

ಸಿಡಿದ ಖಾಲಿ ಕೋಶಗಳನ್ನು ಎಣಿಸಿ ಶಸ್ತ್ರಾಗಾರಕ್ಕೆ, ಅಂದರೆ ಕೋತ್‌ಗೆ ವಾಪಸ್ ಕೊಡಬೇಕು. ಮಕ್ಕಳು ಆಸೆಯಿಂದ ಎತ್ತಿಕೊಂಡಿರುತ್ತಾರೆ. ಗದರಬೇಡಿ, ಕೇಳಿದರೆ ಕೊಡುತ್ತಾರೆ.

ಪ್ರಶ್ನೆ: ನನ್ನ ಅಣ್ಣ ಸೇನೆಯಲ್ಲಿದ್ದು ತೀರಿಕೊಂಡ. ಗುಂಡಿನ ಸದ್ದಿಗೆ ಅಮ್ಮ ಬೆಚ್ಚಿ ಕುಸಿದುಬಿಟ್ಟರು. ಅಷ್ಟು ದುಃಖದಲ್ಲಿ ಅದೆಲ್ಲ ಬೇಕಿತ್ತಾ ಅಂತ ಈಗಲೂ ಅನಿಸುತ್ತದೆ. (ಓದುಗಳು, ಬೆಳಗಾವಿ ಜಿಲ್ಲೆ)

ತಂಗಿ, ಹಾಗೆ ಕೇಳುವ ಹಕ್ಕು ನಿಮಗೆ ಪೂರ್ತಿ ಇದೆ. ನಿಮ್ಮ ಪತ್ರ ಬಂದಿದ್ದರಿಂದಲೇ ಈ ಸಲದ ಅಂಕಣ ಇದಕ್ಕೆ ಮೀಸಲಿಟ್ಟೆ.

ನನಗೆ ಡ್ರಿಲ್ ಕಲಿಸಿದ ಉಸ್ತಾದರು ಮೊದಲ ಪಾಠವನ್ನು ರೈಫಲ್ ಕೈಗೆ ಕೊಡುವ ಮುಂಚೆಯೇ ಹೇಳಿದ್ದರು. ಪಾರ್ಟಿ ಸಾಲು ನಿಲ್ಲುವ ಮೊದಲು ಒಬ್ಬ ಮನೆಯವರ ಹತ್ತಿರ ಹೋಗಬೇಕು. ಅವರ ಭಾಷೆ ಬರುವವನೇ ಹೋಗಬೇಕು. ಅಧಿಕಾರಿಗಳ ಹತ್ತಿರ ಅಲ್ಲ, ಶಾಸಕರ ಹತ್ತಿರ ಅಲ್ಲ, ತಾಯಿ ಮತ್ತು ಹೆಂಡತಿಯ ಹತ್ತಿರ. ಹೋಗಿ ನಿಂತುಕೊಂಡು ಹೇಳಬಾರದು, ಕೂತು ಹೇಳಬೇಕು. ಏನೇನು ಆಗುತ್ತದೆ, ಎಷ್ಟು ಸಲ ಸದ್ದಾಗುತ್ತದೆ, ಯಾಕೆ ಅಂತ.

ವಿಜಯಪುರದ ಕಡೆ ಒಂದು ಹಳ್ಳಿ. ಹೊಲದ ಬದಿಯಲ್ಲೇ ಏರ್ಪಾಡು. ಪಾರ್ಟಿ ರೈಫಲ್ ಹಿಡಿದು ಬಂದಿದ್ದನ್ನು ನೋಡಿ ಆ ತಾಯಿ ಪಕ್ಕದವರನ್ನು ಕೇಳಿದರು, "ಇವ್ರು ಯಾರಿಗ್ ಹೊಡೀತಾರ?" ಅಂತ. ಆಕೆಗೆ ಯಾರೂ ಹೇಳಿರಲಿಲ್ಲ. ಹೇಗೆ ಗೊತ್ತಾಗಬೇಕು? ಮಗ ಗುಂಡಿಗೆ ಸತ್ತಿದ್ದಾನೆ, ಈಗ ಮತ್ತೆ ಬಂದೂಕು. ನಮ್ಮ ಜೊತೆ ಬಾಗಲಕೋಟೆಯ ಒಬ್ಬ ಹುಡುಗ ಇದ್ದ. ಅವನನ್ನು ಕಳಿಸಿದೆ. ಅವನು ಕ್ಯಾಪ್ ತೆಗೆದು ಆಕೆಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಯವ್ವಾ, ಮೂರ ಸಲ ಸಪ್ಪಳ ಆಗ್ತೈತಿ. ಗುಂಡು ಇಲ್ಲ, ಬರೇ ಮದ್ದು. ನಿನ್ನ ಮಗಗ ನಮ್ಮ ಸಲಾಮು" ಅಂದ. ಆಕೆ ತಲೆ ಆಡಿಸಿದರು. "ಮೂರ ಅಲ್ಲಾ? ನಾ ಎಣಸ್ತೀನಿ" ಅಂದರು. ಎಣಿಸಿದರು ಕೂಡ. ಪ್ರತಿ ಸದ್ದಿಗೂ ಒಂದೊಂದು ಬೆರಳು ಮಡಚಿದ್ದನ್ನು ನಾನೇ ನೋಡಿದೆ. ದುಃಖ ಕಡಿಮೆ ಆಯಿತು ಅಂತ ಹೇಳುವುದಿಲ್ಲ, ಅದು ಆಗುವುದಿಲ್ಲ. ಆದರೆ ಆಕೆ ಬೆಚ್ಚಲಿಲ್ಲ.

ನಿಮ್ಮ ಅಮ್ಮನಿಗೆ ಆ ಐದು ನಿಮಿಷದ ಮಾತು ಸಿಗಲಿಲ್ಲ. ಅದು ಸಿಗಬೇಕಿತ್ತು. ಸೈನ್ಯದ ತುಕಡಿ ಬೇರೆ ರಾಜ್ಯದಿಂದ ಬಂದಿದ್ದರೆ ಕನ್ನಡ ಬರುವವರು ಇಲ್ಲದೇ ಇರಬಹುದು. ಆಗ ಊರಿನ ಮಾಜಿ ಸೈನಿಕರು ಈ ಕೆಲಸ ವಹಿಸಿಕೊಳ್ಳಬೇಕು. ಹೂವಿನ ಹಾರ ತರುವುದಕ್ಕಿಂತ ಇದು ಮುಖ್ಯ. ಗುಂಡಿನ ಸದ್ದು ತಡೆಯಲು ಆಗದ ಹಿರಿಯರು, ಹೃದಯದ ತೊಂದರೆ ಇರುವವರು, ಎಳೆ ಮಕ್ಕಳು ಮನೆಯಲ್ಲಿದ್ದರೆ ಬಂದಿರುವ ಅಧಿಕಾರಿಗೆ ಮೊದಲೇ ತಿಳಿಸಿ. ಸಾಲನ್ನು ದೂರ ನಿಲ್ಲಿಸಬಹುದು. ಬೇಡವೇ ಬೇಡ ಅಂತ ನಿಮಗೆ ಅನಿಸಿದರೆ ಹಾಗೆಂದು ಹೇಳಲು ಸಂಕೋಚ ಬೇಡ.

ಏನೇನು ಆಗುತ್ತದೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ದಳ, ಜಾಗ ನೋಡಿ ಸ್ವಲ್ಪ ಹಿಂದೆ ಮುಂದೆ ಆಗಬಹುದು. ಹೂಗುಚ್ಛ ಇಡುತ್ತಾರೆ. "ಸಲಾಮಿ ಶಸ್ತ್ರ" ಅಂತ ಕೂಗು ಬರುತ್ತದೆ, ಆಮೇಲೆ "ಶೋಕ ಶಸ್ತ್ರ". ಶೋಕ ಶಸ್ತ್ರದಲ್ಲಿ ರೈಫಲ್ ತಲೆಕೆಳಗಾಗುತ್ತದೆ. ನಳಿಕೆಯ ತುದಿ ಎಡಗಾಲಿನ ಬೂಟಿನ ಮೇಲೆ, ಎರಡೂ ಕೈ ಹಿಡಿಕೆಯ ಮೇಲೆ, ತಲೆ ಕೆಳಗೆ. ಬ್ಯೂಗಲ್‌ನವನು ಲಾಸ್ಟ್ ಪೋಸ್ಟ್ ಊದುತ್ತಾನೆ. ಬ್ಯಾರಕ್‌ನಲ್ಲಿ ಅದು ರಾತ್ರಿಯ ಕರೆ. ಕಾವಲು ಎಲ್ಲ ಸರಿ ಇದೆ, ದಿನ ಮುಗಿಯಿತು, ಮಲಗಿ ಅಂತ. ಆಮೇಲೆ ಮೌನ. ಮೌನದ ನಂತರ ಬೆಳಗಿನ ಕರೆ ಊದುತ್ತಾನೆ, ಏಳಿ ಅಂತ. ಬ್ಯೂಗಲ್‌ಗೆ ಒತ್ತುವ ಗುಂಡಿ ಇಲ್ಲ, ಎಲ್ಲ ಸ್ವರವೂ ತುಟಿಯಿಂದಲೇ ಬರಬೇಕು. ಊದುವವನ ಗಂಟಲು ಕಟ್ಟಿದರೆ ಸ್ವರ ಒಡೆಯುತ್ತದೆ. ಅವನಿಗೆ ಅಳು ಬಂದರೂ ಅಳುವ ಹಾಗಿಲ್ಲ.

ಪ್ರಶ್ನೆ: ಲಾಸ್ಟ್ ಪೋಸ್ಟ್ ವೇಳೆ ಜನ "ಅಮರ್ ರಹೇ" ಅಂತ ಕೂಗುತ್ತಿದ್ದರು. ನಾವು ಸಾಮಾನ್ಯರು ಏನು ಮಾಡಬೇಕು? (ತುಮಕೂರು)

ಕೂಗು ಪ್ರೀತಿಯಿಂದಲೇ ಬರುತ್ತದೆ, ಗೊತ್ತು. ಮೆರವಣಿಗೆಯಲ್ಲಿ ಎಷ್ಟು ಬೇಕಾದರೂ ಕೂಗಿ. ಬ್ಯೂಗಲ್ ಶುರುವಾದ ತಕ್ಷಣ ನಿಲ್ಲಿಸಿ. ನೇರವಾಗಿ ನಿಲ್ಲಿ, ಫೋನ್ ಜೇಬಿಗೆ ಹಾಕಿ. ಸೆಲ್ಯೂಟ್ ಹೊಡೆಯಲೇಬೇಕು ಅಂತಿಲ್ಲ. ಇಷ್ಟೇ ಸಾಕು.

ಪ್ರಶ್ನೆ: ನಾವು ಲಿಂಗಾಯತರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವ ಪದ್ಧತಿ. ಸೇನೆಯ ಗೌರವಕ್ಕೂ ಇದಕ್ಕೂ ಹೊಂದುತ್ತಾ? (ನಿವೃತ್ತ ಹವಾಲ್ದಾರರ ಮಗ, ಧಾರವಾಡ)

ಖಂಡಿತ ಹೊಂದುತ್ತದೆ. ನಿಮ್ಮ ಜಿಲ್ಲೆಯಲ್ಲೇ ಇಡೀ ದೇಶ ನೋಡಿದ ಉದಾಹರಣೆ ಇದೆ. ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಮದ್ರಾಸ್ ರೆಜಿಮೆಂಟ್. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಜನ ಹೂತುಹೋದರು. ಆರು ದಿನದ ನಂತರ ಹಿಮದ ಕೆಳಗೆ ಇವರು ಜೀವಂತ ಸಿಕ್ಕರು. ರಾಜ್ಯದಲ್ಲಿ ದೇವರಿಗೆ ಹರಕೆ ಹೊರದ ಊರೇ ಇರಲಿಲ್ಲ ಅನ್ನಬಹುದು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಾರನೇ ದಿನ ಬೆಟದೂರಿನಲ್ಲಿ ಸೇನೆಯ ಗೌರವವೂ ಆಯಿತು, ವೀರಶೈವ ಲಿಂಗಾಯತ ಪದ್ಧತಿಯ ಸಮಾಧಿಯೂ ಆಯಿತು. ಒಂದಕ್ಕೊಂದು ಅಡ್ಡ ಬರಲಿಲ್ಲ.

ಸೇನೆಯಲ್ಲಿ ಪಂಡಿತರು, ಮೌಲವಿ, ಗ್ರಂಥಿ, ಪಾದ್ರಿ ಎಲ್ಲರೂ ಇರುತ್ತಾರೆ. ಮನೆಯವರ ಪದ್ಧತಿಗೆ ಕೈಹಾಕುವುದಿಲ್ಲ. ಸುಡುವುದೋ ಹೂಳುವುದೋ, ಯಾವ ಹೊತ್ತಿಗೆ, ಯಾರ ಕೈಯಲ್ಲಿ, ಎಲ್ಲವೂ ನಿಮ್ಮ ನಿರ್ಧಾರ. ಒಂದೇ ವಿಷಯ ನೆನಪಿಡಿ. ಧ್ವಜವನ್ನು ಸಮಾಧಿಯೊಳಗೆ ಇಳಿಸುವ ಹಾಗಿಲ್ಲ, ಚಿತೆಯಲ್ಲಿ ಸುಡುವ ಹಾಗಿಲ್ಲ. ಹಾಗಾಗಿ ನಿಮ್ಮ ಕೊನೆಯ ವಿಧಿ ಶುರುವಾಗುವ ಮೊದಲೇ ಅದನ್ನು ತೆಗೆದು ಮಡಚುತ್ತಾರೆ. ಸ್ವಾಮಿಗಳಿಗೂ ಮೊದಲೇ ತಿಳಿಸಿಟ್ಟರೆ ಗಡಿಬಿಡಿ ಆಗುವುದಿಲ್ಲ.

ಪ್ರಶ್ನೆ: ಕೊಡಗಿನ ಸ್ನೇಹಿತನ ಮನೆಯಲ್ಲಿ ಅಜ್ಜ ತೀರಿಕೊಂಡಾಗ ಎರಡು ಗುಂಡು ಹಾರಿಸಿದರು. ಅಜ್ಜ ಸೈನ್ಯದಲ್ಲಿರಲಿಲ್ಲ. ಇದು ಯಾವ ಗೌರವ? (ಬೆಂಗಳೂರು)

ಅದು ಸೇನೆಯದ್ದಲ್ಲ, ಕೊಡವರ ಮನೆಯದ್ದು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಗುಡ್ಡದಾಚೆ ತೋಟದಲ್ಲಿ ಇರುವವರಿಗೂ ಸುದ್ದಿ ಮುಟ್ಟುತ್ತದೆ. ಫೋನ್ ಇಲ್ಲದ ಕಾಲದಲ್ಲಿ ಇದೇ ಕರೆ. ಅವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ತೋಕ್‌ಗೆ, ಅಂದರೆ ಕೋವಿಗೆ, ಪೂಜೆ. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು. ಕೋವಿ ಲೈಸೆನ್ಸ್ ವಿಷಯದಲ್ಲಿ ಕೊಡವರಿಗೆ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆಗೆ ಮಡಿಕೇರಿಗೇ ಕರೆದೊಯ್ದರು. ಅಂಥ ಮಣ್ಣು ಅದು.

ಪ್ರಶ್ನೆ: ಕವಿಗಳು, ನಟರು ತೀರಿಕೊಂಡಾಗಲೂ ಪೊಲೀಸರು ಗುಂಡು ಹಾರಿಸುತ್ತಾರೆ. ಸಾಹಿತಿಗೂ ಬಂದೂಕಿಗೂ ಏನು ಸಂಬಂಧ? (ಶಿವಮೊಗ್ಗ)

ಅದು ರಾಜ್ಯ ಸರ್ಕಾರದ ಗೌರವ. ಸರ್ಕಾರ ತೀರ್ಮಾನಿಸುತ್ತದೆ, ಪೊಲೀಸರು ಸಲ್ಲಿಸುತ್ತಾರೆ. ಅನಂತಮೂರ್ತಿಯವರಿಗೆ 2014ರಲ್ಲಿ, ಪುನೀತ್ ರಾಜ್‌ಕುಮಾರ್ ಅವರಿಗೆ 2021ರಲ್ಲಿ ಸಲ್ಲಿಸಿದರು. ಪುನೀತ್ ಅವರ ಅಂತ್ಯಕ್ರಿಯೆ ಟಿವಿಯಲ್ಲಿ ನೋಡಿದವರಿಗೆ ಗೊತ್ತು, ಜನ ಅದನ್ನು ತಮ್ಮದೇ ಮನೆಯ ಗೌರವ ಅಂತ ತೆಗೆದುಕೊಂಡರು. ಗಿರೀಶ ಕಾರ್ನಾಡರು 2019ರ ಜೂನ್ 10ರಂದು ತೀರಿಕೊಂಡಾಗ ಯಾವ ಸರ್ಕಾರಿ ಗೌರವವೂ ಇರಲಿಲ್ಲ. ಅದು ಅವರದೇ ಇಚ್ಛೆ. ಮನೆಯವರು ಅದನ್ನು ಗಟ್ಟಿಯಾಗಿ ನಡೆಸಿಕೊಟ್ಟರು.

ನನ್ನ ಅಭಿಪ್ರಾಯ ಕೇಳಿದರೆ, ಸಿಪಾಯಿಗೆ ಗುಂಡಿನ ಸದ್ದು ಅವನ ಬದುಕಿನ ಸದ್ದು. ಕವಿಗೆ ಅದು ಹೊರಗಿನದು. ಕವಿಯ ಮನೆಯವರು ಬೇಕು ಅಂದರೆ ಆಗಲಿ. ಆದರೆ ಅವರನ್ನು ಮೊದಲು ಕೇಳಬೇಕು. ಆ ಹೊತ್ತಿನಲ್ಲಿ ಬೇಡ ಅನ್ನಲು ಎಷ್ಟು ಜನರಿಗೆ ಧೈರ್ಯ ಬರುತ್ತದೆ ಹೇಳಿ?

ಪ್ರಶ್ನೆ: ಅಪ್ಪ ನಿವೃತ್ತ ಯೋಧರು. ವಯಸ್ಸಾಗಿದೆ. "ನನ್ನ ಮೇಲೆ ಧ್ವಜ ಹೊದಿಸಿ" ಅಂತಾರೆ. ನಾವೇ ಹೊದಿಸಬಹುದಾ? ಮತ್ತೆ, ಚಿಕ್ಕಪ್ಪನ ಪೆಟ್ಟಿಗೆ ಮೇಲಿದ್ದ ಧ್ವಜ ಮನೆಯಲ್ಲಿದೆ. ಹೇಗೆ ಇಡಬೇಕು? (ಹಾಸನ)

ನಾವೇ ಹೊದಿಸುವ ಹಾಗಿಲ್ಲ. ಸರ್ಕಾರಿ, ಸೇನಾ, ಅರೆಸೇನಾ ಗೌರವದ ಅಂತ್ಯಕ್ರಿಯೆಯಲ್ಲಿ ಮಾತ್ರ ಅವಕಾಶ. ಬೇರೆ ಕಡೆ ಧ್ವಜವನ್ನು ಹೊದಿಕೆ ಮಾಡುವುದು 1971ರ ರಾಷ್ಟ್ರೀಯ ಗೌರವ ಕಾಯ್ದೆಯ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಶಿಕ್ಷೆ ಇದೆ. ಮನೆಯಲ್ಲಿ ಸಹಜವಾಗಿ ತೀರಿಕೊಳ್ಳುವ ನಿವೃತ್ತರಿಗೆ ಈ ಗೌರವ ತಾನಾಗಿ ಬರುವುದಿಲ್ಲ. ಹಾಗಾಗಿ ಈಗಲೇ ಒಂದು ಕೆಲಸ ಮಾಡಿ. ಅಪ್ಪನ ಡಿಸ್ಚಾರ್ಜ್ ಬುಕ್, ಪದಕಗಳನ್ನು ಒಂದೇ ಕಡೆ ಇಡಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ವಿಚಾರಿಸಿ. ಊರಿನ ಮಾಜಿ ಸೈನಿಕರ ಸಂಘಕ್ಕೂ ತಿಳಿಸಿಡಿ. ಆಗದೇ ಹೋದರೂ ಅವರ ಪದಕಗಳನ್ನು ಎದೆಯ ಬಳಿ ಇಡಲು, ಹಳೇ ಸಂಗಾತಿಗಳು ಸಾಲಾಗಿ ನಿಂತು ಸೆಲ್ಯೂಟ್ ಹೊಡೆಯಲು ಯಾರ ಅನುಮತಿಯೂ ಬೇಡ. ಅಪ್ಪನಿಗೆ ಇದನ್ನು ಹೇಳಿ, ಒಪ್ಪುತ್ತಾರೆ.

ಚಿಕ್ಕಪ್ಪನ ಧ್ವಜದ ವಿಷಯ. ಪೆಟ್ಟಿಗೆಯ ಮೇಲೆ ಹೊದಿಸುವಾಗ ಕೇಸರಿ ತಲೆಯ ಕಡೆ ಇರುತ್ತದೆ. ಮಡಚುವಾಗ ಅಡ್ಡಲಾಗಿ ಹಾಸಿ, ಕೇಸರಿ ಮತ್ತು ಹಸಿರನ್ನು ಬಿಳಿ ಪಟ್ಟಿಯ ಕೆಳಕ್ಕೆ ಮಡಿಸಿ. ಆಮೇಲೆ ಎರಡೂ ಬದಿಯಿಂದ ಮಧ್ಯಕ್ಕೆ ತನ್ನಿ. ಮೇಲೆ ಅಶೋಕ ಚಕ್ರ ಕಾಣಬೇಕು, ಜೊತೆಗೆ ಕೇಸರಿ, ಹಸಿರು ಒಂದಿಷ್ಟು. ಟ್ರಂಕಿನಲ್ಲಿ ಹಾಕಿಟ್ಟಿದ್ದರೆ ತೆಗೆಯಿರಿ. ಮಳೆಗಾಲದಲ್ಲಿ ಹತ್ತಿ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಹಳೇ ಬಿಳಿ ಕಾಟನ್ ಬಟ್ಟೆಯಲ್ಲಿ ಸುತ್ತಿ, ಒಣ ಕಪಾಟಿನಲ್ಲಿಡಿ. ಆಗಾಗ ತೆಗೆದು ಮಡಿಕೆ ಬದಲಿಸಿ, ಇಲ್ಲದಿದ್ದರೆ ಅದೇ ಗೆರೆಯಲ್ಲಿ ಹರಿಯುತ್ತದೆ. ಗಾಜಿನ ಚೌಕಟ್ಟು ಹಾಕಿಸುವುದಾದರೆ ಬಿಸಿಲು ಬೀಳದ ಗೋಡೆ ನೋಡಿ, ಕೇಸರಿ ಬೇಗ ಮಾಸುತ್ತದೆ.